ಬೆಕ್ಕು ವಾಂತಿ ಮಾಡ್ತಿದ್ಯಾ? ಯಾವಾಗ ಕಾಯ್ಬೋದು, ಯಾವಾಗ ಡಾಕ್ಟ್ರ ಹತ್ರ ಓಡ್ಬೇಕು

"ಬೆಕ್ಕಂದ್ಮೇಲೆ ಕಕ್ಕತ್ತೆ, ಅದಕ್ಯಾಕೆ ಡಾಕ್ಟ್ರು" ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಅರ್ಧ ನಿಜ ಅದು. ಆರೋಗ್ಯವಾಗಿರೋ ಬೆಕ್ಕೂ ಅಪರೂಪಕ್ಕೊಮ್ಮೆ ಕೂದಲು ಕಕ್ಕತ್ತೆ, ಗಬಗಬ ತಿಂದು ವಾಪಸ್ ಹಾಕತ್ತೆ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಬಾಲ ಎತ್ಕೊಂಡು ಓಡಾಡತ್ತೆ. ಆದ್ರೆ ಇದೇ ಮಾತನ್ನ ನಂಬ್ಕೊಂಡು ಎರಡು ದಿನ ಕಾದು ಬೆಕ್ಕನ್ನ ಕಳ್ಕೊಂಡವ್ರೂ ಮುಂಬೈ ಆಸುಪಾಸಿನ ನಮ್ಮ ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಬೇಕಾದಷ್ಟು ಜನ ಇದ್ದಾರೆ ಮಾರಾಯ್ರೆ. ನಾನು ಡಾಕ್ಟರ್ ಅಲ್ಲ, ಬೆಕ್ಕು ಸಾಕೋಳು ಅಷ್ಟೇ, ಊರು ಕುಂದಾಪುರ ಕಡೆ, ಇಲ್ಲಿ ಮನೆ ಒಳಗೆ ಎರಡು ಬೆಕ್ಕಿದೆ, ಕೆಳಗೆ ಪಾರ್ಕಿಂಗಲ್ಲಿ ಊಟದ ಟೈಮಿಗೆ ಒಂದು ದಂಡೇ ಬರತ್ತೆ, ಹಾಗಾಗಿ ಅಕ್ಕಪಕ್ಕದವ್ರು ನೆಲದ ಮೇಲೆ ಬಿದ್ದಿರೋದ್ರ ಫೋಟೋ ಕಳ್ಸಿ "ಅಕ್ಕಾ ಇದು ನಾರ್ಮಲ್ಲಾ" ಅಂತ ಕೇಳ್ತಿರ್ತಾರೆ. ಫೋಟೋ ನೋಡಿ ಗೊತ್ತಾಗೋದು ಸ್ವಲ್ಪವೇ. ಕಕ್ಕಿದ್ಮೇಲೆ ಬೆಕ್ಕು ಏನ್ ಮಾಡ್ತು, ತಿಂತಾ, ನೀರು ಕುಡೀತಾ, ಉಚ್ಚೆ ಹೊಯ್ತಾ, ಎಲ್ಲಾದ್ರೂ ಹೋಗಿ ಮೂಲೆ ಸೇರ್ತಾ, ನಾನು ವಾಪಸ್ ಕೇಳೋದು ಇದನ್ನೇ, ಡಾಕ್ಟ್ರು ಕೇಳೋದೂ ಇದನ್ನೇ.

ಮೊದ್ಲು, ಅದು ವಾಂತಿನೇನಾ?

ತಮಾಷೆ ಅಲ್ಲ, ಮೂರು ಬೇರೆ ಬೇರೆ ವಿಷಯಕ್ಕೆ ನಾವು ವಾಂತಿ ಅಂತೀವಿ, ಮೂರಕ್ಕೂ ಕಾರಣ ಬೇರೆ.

ನಿಜವಾದ ವಾಂತಿಗೆ ಒಂದು ತಯಾರಿ ಇರತ್ತೆ. ಬೆಕ್ಕು ತುಟಿ ನೆಕ್ಕೋಕೆ ಶುರು ಮಾಡತ್ತೆ, ಎಂಜಲು ನುಂಗತ್ತೆ, ಎದ್ದು ಅತ್ಲಾಗೆ ಇತ್ಲಾಗೆ ತಿರುಗತ್ತೆ, ಒಂದು ವಿಚಿತ್ರ ಸ್ವರ ತೆಗ್ದು ಅಳತ್ತೆ, ಆಮೇಲೆ ನಾಲ್ಕೂ ಕಾಲು ಊರಿ ತಲೆ ಬಗ್ಗಿಸಿ ಹೊಟ್ಟೆ ಒಳಗೆ ಹೊರಗೆ ಪಂಪ್ ಹೊಡ್ದ ಹಾಗೆ ಕುಣಿಯತ್ತೆ, "ಹ್ಯಕ್ ಹ್ಯಕ್" ಸೌಂಡು, ಹಿಂದೆ ಹಿಂದೆ ಹೆಜ್ಜೆ ಹಾಕ್ತಾ ಟೈಲ್ಸ್ ಇದ್ರೂ ಅದನ್ನ ಬಿಟ್ಟು ಕರೆಕ್ಟಾಗಿ ಮ್ಯಾಟಿನ ಮೇಲೇ ಬರತ್ತೆ. ಬಿದ್ದಿರೋದು ಅರ್ಧ ಜೀರ್ಣ ಆಗಿರತ್ತೆ, ಒಮ್ಮೊಮ್ಮೆ ಹಳದಿ ಪಿತ್ತ ಸೇರಿರತ್ತೆ.

ಎರಡನೇದು, ತಿಂದಿದ್ದು ಹೊಟ್ಟೆಗೆ ಹೋಗೋ ಮೊದ್ಲೇ ಅನ್ನನಾಳದಿಂದಾನೇ ವಾಪಸ್ ಬರೋದು. ಇದಕ್ಕೆ ಹೊಟ್ಟೆ ಕುಣಿಯೋದೆಲ್ಲ ಇಲ್ಲ, ತಲೆ ಬಗ್ಗಿಸ್ತು, ಬಿತ್ತು, ಅಷ್ಟೇ. ಕಿಬಲ್, ಅಂದ್ರೆ ಒಣ ಕ್ಯಾಟ್ ಫುಡ್ ಕಾಳು, ಹಾಗ್ಹಾಗೇ ಇಡಿಯಾಗಿ ಉದ್ದಕ್ಕೆ ಕೊಳವೆ ಆಕಾರದಲ್ಲಿ ಬಿದ್ದಿರತ್ತೆ, ತಿಂದು ಸ್ವಲ್ಪ ಹೊತ್ತಲ್ಲೇ ಆಗತ್ತೆ. ಅವಸರದಲ್ಲಿ ತಿನ್ನೋ ಬೆಕ್ಕಲ್ಲಿ ಇದು ಜಾಸ್ತಿ, ಅದರಲ್ಲೂ ಎರಡು ಮೂರು ಬೆಕ್ಕು ಒಂದೇ ತಟ್ಟೆ ಸುತ್ತ ಕೂತ್ರೆ ಪೈಪೋಟಿ ಮೇಲೆ ನುಂಗ್ತವೆ. ಬೇರೆ ಬೇರೆ ತಟ್ಟೆ, ಬೇರೆ ಬೇರೆ ಮೂಲೆ, ಅಗಲ ತಟ್ಟೇಲಿ ಹರಡಿ ಹಾಕೋದು, ದಿನದ ಊಟನ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡೋದು, ಎಷ್ಟೋ ಮನೇಲಿ ಇಷ್ಟಕ್ಕೇ ನಿಂತು ಹೋಗತ್ತೆ. ಆದ್ರೆ ಪ್ರತಿ ಊಟಕ್ಕೂ ಹೀಗೇ ಆದ್ರೆ ಅನ್ನನಾಳದಲ್ಲೇ ಏನೋ ತೊಂದ್ರೆ ಇರ್ಬೋದು, ತೋರಿಸ್ಲೇಬೇಕು.

ಮೂರನೇದು ಕೆಮ್ಮು. ಬೆಕ್ಕು ನೆಲಕ್ಕೆ ಅಂಟ್ಕೊಂಡು ಕೂತು ಕುತ್ತಿಗೆ ಮುಂದಕ್ಕೆ ಚಾಚಿ ಕೆಮ್ಮತ್ತೆ, ಏನೂ ಹೊರಗೆ ಬರಲ್ಲ, ಕೊನೇಲಿ ಒಂದ್ಸಲ ನುಂಗಿ ಎದ್ದು ಹೋಗತ್ತೆ. ಮನೆಯವ್ರು "ಕೂದಲು ಸಿಕ್ಕಾಕೊಂಡಿದೆ, ಬರ್ತಾ ಇಲ್ಲ" ಅಂತ ತಿಂಗಳುಗಟ್ಲೆ ಕೂದಲು ಹೊರಹಾಕೋ ಪೇಸ್ಟ್ ತಿನ್ನಿಸ್ತಾರೆ. ಅದು ಆಸ್ತಮಾ ಇರ್ಬೋದು. ಊದುಬತ್ತಿ, ಸೊಳ್ಳೆ ಕಾಯಿಲ್, ಧೂಪ ಎಲ್ಲ ಸೇರಿ ಗಾಳಿ ಆಡದ ಒಂದು ರೂಮ್ ಕಿಚನ್ ಮನೇಲಿ ಇದು ಇನ್ನೂ ಕೆಣಕತ್ತೆ.

ಇದೆಲ್ಲ ಬಾಯಲ್ಲಿ ವಿವರ್ಸೋದು ಕಷ್ಟ, ಹಾಗಾಗಿ ಶುರುವಾದ ತಕ್ಷಣ ಮೊಬೈಲ್ ತೆಗ್ದು ವಿಡಿಯೋ ಮಾಡಿ. ಒರ್ಸೋದು ಆಮೇಲೆ. ಹತ್ತು ಸೆಕೆಂಡಿನ ವಿಡಿಯೋ ನೋಡಿ ಡಾಕ್ಟ್ರಿಗೆ ಗೊತ್ತಾಗೋದು ನಮ್ಮ ಹತ್ತು ನಿಮಿಷದ ವರ್ಣನೆಲಿ ಗೊತ್ತಾಗಲ್ಲ.

ಬಿದ್ದಿರೋದ್ರಲ್ಲಿ ಏನಿದೆ

ಕೂದಲಿನ ಉಂಡೆ ಅಂತೀವಿ, ಆದ್ರೆ ಬರೋದು ಉಂಡೆಯಾಗಿ ಅಲ್ಲ, ಬೆರಳಿನ ಥರ ಉದ್ದಕ್ಕೆ, ಒದ್ದೆ ಒದ್ದೆ. ಪರ್ಶಿಯನ್ ಥರ ಉದ್ದ ಕೂದಲಿನವಕ್ಕೆ ಆಗಾಗ ಬರ್ಬೋದು, ದಿನಾ ಬಾಚಿದ್ರೆ ಕಮ್ಮಿ ಆಗತ್ತೆ. ಗಿಡ್ಡ ಕೂದಲಿನ ನಮ್ಮ ನಾಡು ಬೆಕ್ಕು ವಾರ ವಾರ ಕೂದಲು ಕಕ್ತಿದ್ರೆ ಒಂದೋ ಚರ್ಮದ ತುರಿಕೆಗೆ, ಚಿಗಟಕ್ಕೆ ಅತಿಯಾಗಿ ನೆಕ್ಕೊಳ್ತಿದೆ, ಇಲ್ಲಾ ಕರುಳಿನ ಚಲನೆಲೇ ತೊಂದ್ರೆ ಇದೆ.

ಹಳದಿ ಅಥವಾ ಹಸಿರು ನೀರು ಅಂದ್ರೆ ಪಿತ್ತ. ಬೆಳಗ್ಗೆ ಐದು ಗಂಟೆಗೆ ಖಾಲಿ ಹೊಟ್ಟೇಲಿ ಒಂದ್ಸಲ ಬಂದು, ಊಟ ಹಾಕಿದ ಕೂಡ್ಲೆ ತಿಂದ್ರೆ ರಾತ್ರಿ ಮಲಗೋ ಮುಂಚೆ ಒಂದು ತುತ್ತು ಹಾಕಿ ನೋಡಿ. ಬಿಳಿ ನೊರೆನೂ ಹೆಚ್ಚುಕಮ್ಮಿ ಹಾಗೇ, ಖಾಲಿ ಹೊಟ್ಟೆ ಅಂತ ಅರ್ಥ, ಆದ್ರೆ ನೊರೆ ಮೇಲೆ ನೊರೆ ಬರ್ತಾನೇ ಇದ್ರೆ ಅದು ಬೇರೆ ಕಥೆ.

ಹುಳ ಬಂದ್ರೆ ಬಿಳಿ, ಉದ್ದ, ಒಮ್ಮೊಮ್ಮೆ ಇನ್ನೂ ಹೊರಳಾಡ್ತಿರತ್ತೆ. ನೋಡೋಕೆ ಅಸಹ್ಯ ಆದ್ರೂ ಸುಲಭದ ಕೇಸು, ಜಂತುಹುಳದ ಮಾತ್ರೆ ತೂಕ ನೋಡಿ ಕೊಟ್ರೆ ಹೋಗತ್ತೆ. ಮನುಷ್ಯರ ಮಾತ್ರೆ ಮುರಿದು ಕೊಡೋದು ಮಾತ್ರ ಬೇಡ.

ರಕ್ತ ಕೆಂಪಗೆ ಬಂದ್ರೆ ಯಾರಿಗಾದ್ರೂ ಗಾಬರಿ ಆಗತ್ತೆ. ಗೊತ್ತಾಗದೆ ಹೋಗೋದು ಇನ್ನೊಂದು ಥರ, ಫಿಲ್ಟರಲ್ಲಿ ಉಳಿದ ಕಾಫಿ ಚರಟದ ಹಾಗೆ ಕಂದು ಕಪ್ಪು ಪುಡಿ ಪುಡಿ. ಅದು ಹೊಟ್ಟೇಲಿ ಆಗ್ಲೇ ಜೀರ್ಣ ಆದ ರಕ್ತ. ಎರಡಕ್ಕೂ ಅವತ್ತೇ ಡಾಕ್ಟರ್.

ಇನ್ನು ಮಳೆಗಾಲದ ಒಂದು ಮಾತು, ಮುಂಬೈ ತೇವಕ್ಕೆ ಓಪನ್ ಮಾಡಿದ ಕಿಬಲ್ ಪ್ಯಾಕೆಟ್ ಬೇಗ ಮೆತ್ತಗಾಗಿ ಮುಗ್ಗಲು ವಾಸನೆ ಬರತ್ತೆ. ಹತ್ತು ಕೇಜಿ ಚೀಲ ಚೀಪ್ ಅಂತ ತರೋ ಬದ್ಲು ಸಣ್ಣದು ತಂದು ಗಾಳಿ ಆಡದ ಡಬ್ಬೀಲಿ ಇಡಿ. ಬ್ರ್ಯಾಂಡ್ ಬದ್ಲಾಯಿಸೋದಾದ್ರೆ ಒಂದು ವಾರ ಹತ್ತು ದಿನ ಹಳೇದಕ್ಕೆ ಹೊಸದು ಬೆರೆಸ್ತಾ ಬನ್ನಿ, ಒಂದೇ ದಿನದಲ್ಲಿ ಬದ್ಲಾಯಿಸಿದ್ರೆ ಕಕ್ಕೋದು ಭೇದಿ ಎರಡೂ ಆಗ್ಬೋದು. ಮತ್ತೆ ಹಾಲು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗಲ್ಲ, ಮಾಟುಂಗಾ ಕಡೆ ಎಷ್ಟೋ ಸಸ್ಯಾಹಾರಿ ಮನೇಲಿ ಹಾಲನ್ನ, ಮೊಸರನ್ನ ಹಾಕಿ ಸಾಕ್ತಾರೆ, ಪ್ರೀತಿ ಇದೆ ಒಪ್ಕೋತೀನಿ, ಆದ್ರೆ ಬೆಕ್ಕು ಮಾಂಸಾಹಾರಿ ಪ್ರಾಣಿ, ಅದಕ್ಕೆ ಬೇಕಾದ ಟಾರಿನ್ ಅನ್ನೋ ಪೋಷಕಾಂಶ ಅನ್ನದಲ್ಲಿ ಸಿಗಲ್ಲ. ಮನೇಲಿ ಮೀನು ಮಾಂಸ ಬೇಯಿಸೋಕಾಗಲ್ಲ ಅಂದ್ರೆ ಕ್ಯಾಟ್ ಫುಡ್ ಹಾಕಿ.

ಈಗ ಬೆಕ್ಕನ್ನ ನೋಡಿ

ಒಂದ್ಸಲ ಕಕ್ಕಿದೆ ಅಂತಿಟ್ಕೊಳ್ಳಿ. ಹೆಸರು ಕರೀರಿ, ತಿಂಡಿ ಡಬ್ಬಿ ಅಲ್ಲಾಡ್ಸಿ. ಬಂತು ಅಂದ್ರೆ ಅರ್ಧ ಚಿಂತೆ ಹೋಯ್ತು. ಕಪಾಟಿನ ಹಿಂದೆ, ವಾಷಿಂಗ್ ಮಷಿನ್ ಸಂದೀಲಿ ಸೇರ್ಕೊಂಡು ಬರ್ಲೇ ಇಲ್ಲ ಅಂದ್ರೆ ಅದನ್ನ ಸೀರಿಯಸ್ಸಾಗಿ ತಗೊಳ್ಳಿ, ಬೆಕ್ಕು ನೋವು ತೋರ್ಸಲ್ಲ, ಅಡಗಿ ಕೂರತ್ತೆ ಅಷ್ಟೇ.

ಒಸಡು ನೋಡೋದು ಕಲ್ತುಕೊಳ್ಳಿ, ಬೆಕ್ಕು ಚೆನ್ನಾಗಿರೋವಾಗ್ಲೇ ಅಭ್ಯಾಸ ಮಾಡಿಟ್ಕೊಂಡ್ರೆ ಕಷ್ಟದಲ್ಲಿ ಸುಲಭ. ಟ್ಯೂಬ್‌ಲೈಟ್ ಕೆಳಗೆ ಮಡಿಲಲ್ಲಿ ಕೂರ್ಸಿ ಮೇಲ್ತುಟಿನ ಹೆಬ್ಬೆರಳಲ್ಲಿ ಸ್ವಲ್ಪ ಎತ್ತಿ. ತಿಳಿ ಗುಲಾಬಿ ಇರ್ಬೇಕು, ಒದ್ದೆಯಾಗಿರ್ಬೇಕು. ಬೆರಳಲ್ಲಿ ಮೆತ್ತಗೆ ಒತ್ತಿ ಬಿಟ್ರೆ ಬಿಳಿಯಾಗಿದ್ದು 2 ಸೆಕೆಂಡ್ ಒಳಗೆ ವಾಪಸ್ ಗುಲಾಬಿ ಆಗ್ಬೇಕು. ಬೆರಳು ಅಂಟಂಟಾಗಿ ಹಿಡ್ಕೊಂಡ್ರೆ ನೀರಿನಂಶ ಕಮ್ಮಿ ಆಗಿದೆ. ಬಿಳುಚಿಕೊಂಡಿದ್ರೆ, ನೀಲಿ ಅಥವಾ ಕಂದು ಬಣ್ಣ ಇದ್ರೆ, ಹಳದಿ ಇದ್ರೆ, ಯಾವುದೇ ಇದ್ರೂ ಹೊರಡಿ. ಕೆಲವು ಬೆಕ್ಕಿಗೆ ಒಸಡಲ್ಲೇ ಕಪ್ಪು ಮಚ್ಚೆ ಇರತ್ತೆ, ಅಂಥವಕ್ಕೆ ಕಣ್ಣಿನ ಕೆಳ ರೆಪ್ಪೆ ಒಳಗೆ ನೋಡಿ.

ಭುಜದ ಹತ್ರ ಚರ್ಮ ಎಳೆದು ಬಿಟ್ರೆ ತಕ್ಷಣ ಕೂರ್ಬೇಕು, ಗೋಪುರದ ಹಾಗೆ ನಿಂತ್ಕೊಂಡ್ರೆ ಡಿಹೈಡ್ರೇಷನ್. ವಯಸ್ಸಾದ ಬೆಕ್ಕಲ್ಲಿ ಚರ್ಮನೇ ಸಡಿಲ, ಹಾಗಾಗಿ ಇದೊಂದನ್ನೇ ನಂಬ್ಬೇಡಿ. ಮಲಗಿರೋವಾಗ ಎದೆ ಏರಿಳಿಯೋದನ್ನ ಒಂದು ನಿಮಿಷ ಎಣಿಸಿ, 30ಕ್ಕಿಂತ ಕಮ್ಮಿ ಇರ್ಬೇಕು. ಬಾಯಿ ತೆರೆದು ಉಸಿರಾಡೋದು ನಾಯಿಗೆ ಮಾಮೂಲಿ, ಬೆಕ್ಕಿಗಲ್ಲ. ಜ್ವರ ನೋಡೋಕೆ ಬರೋದಾದ್ರೆ 100.5ರಿಂದ 102.5 ಫ್ಯಾರನ್‌ಹೀಟ್ ತನಕ ನಾರ್ಮಲ್, ಮೂಗು ಮುಟ್ಟಿ ಬಿಸಿ ಇದೆ ತಣ್ಣಗಿದೆ ಅನ್ನೋದಕ್ಕೆಲ್ಲ ಅರ್ಥ ಇಲ್ಲ.

ಕೊನೇದಾಗಿ ಲಿಟರ್ ಬಾಕ್ಸ್, ಅಂದ್ರೆ ಬೆಕ್ಕು ಉಚ್ಚೆ ಕಕ್ಕ ಮಾಡೋ ಮರಳಿನ ಡಬ್ಬ. ಇದನ್ನ ಯಾರೂ ನೋಡಲ್ಲ ಮಾರಾಯ್ರೆ, ಮೊದ್ಲು ನೋಡ್ಬೇಕಾದ್ದೇ ಇದನ್ನ. ಗಂಡು ಬೆಕ್ಕು ಪದೇ ಪದೇ ಬಾಕ್ಸಿಗೆ ಹೋಗಿ ಮುಕ್ಕರೀತಿದೆ, ಅಳ್ತಿದೆ, ಕೆಳಗೆ ನೆಕ್ಕೊಳ್ತಿದೆ, ಗಟ್ಟಿಯಾಗೋ ಲಿಟರಲ್ಲಿ ಒಂದು ಗಡ್ಡೆನೂ ಇಲ್ಲ, ಜೊತೆಗೆ ವಾಂತಿ. ಮನೆಯವ್ರು ಮಲಬದ್ಧತೆ ಅಂದ್ಕೋತಾರೆ. ಅದು ಮೂತ್ರನಾಳ ಬ್ಲಾಕ್ ಆಗಿರೋದು, ಒಂದೆರಡು ದಿನದಲ್ಲೇ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯ ನಿಲ್ಬೋದು. ಬೆಳಗ್ಗೆ ನೋಡೋಣ ಅನ್ನೋ ಹಾಗೇ ಇಲ್ಲ.

ದಾರ

ಇದಕ್ಕೆ ಬೇರೇನೇ ಬರೀತೀನಿ, ನಮ್ಮವ್ರ ಮನೇಲಿ ಇದೇ ಜಾಸ್ತಿ ಆಗೋದು. ಹೂವಿನ ಮಾಲೆ ದಾರ, ಹೊಲಿಗೆ ನೂಲು, ಗಣಪತಿ ಡೆಕೋರೇಷನ್ನಿನ ಮಿಣಮಿಣ ಜರಿ ಪಟ್ಟಿ, ರಾಖಿ, ಜನವರಿಲಿ ಸಂಕ್ರಾಂತಿ ಟೈಮಲ್ಲಿ ಟೆರೇಸಿಂದ ಬಾಲ್ಕನಿಗೆ ಬಂದು ಬೀಳೋ ಮಾಂಜಾ. ಬೆಕ್ಕಿನ ನಾಲಿಗೆ ಮುಳ್ಳು ಮುಳ್ಳು, ಎಲ್ಲ ಹಿಂದಕ್ಕೇ ಬಾಗಿರತ್ತೆ, ಆಟ ಆಡ್ತಾ ದಾರ ಬಾಯಿಗೆ ಹೋದ್ರೆ ಉಗುಳೋಕೆ ಬರಲ್ಲ, ಒಳಗೆ ಒಳಗೆ ಹೋಗತ್ತೆ. ಒಂದು ತುದಿ ನಾಲಿಗೆ ಬುಡಕ್ಕೆ ಸುತ್ತಿಕೊಳ್ಳತ್ತೆ ಅಥವಾ ಹೊಟ್ಟೇಲಿ ಸಿಕ್ಕಿಹಾಕೊಳ್ಳತ್ತೆ, ಇನ್ನೊಂದು ತುದಿನ ಕರುಳು ಮುಂದೆ ತಳ್ತಾ ಇರತ್ತೆ, ಪೈಜಾಮದ ಲಾಡಿ ಎಳೆದಾಗ ಬಟ್ಟೆ ನೆರಿಗೆ ನೆರಿಗೆ ಆಗತ್ತಲ್ಲ, ಕರುಳು ದಾರದ ಮೇಲೆ ಹಾಗೇ ನೆರಿಗೆ ಕಟ್ಟತ್ತೆ, ಆಮೇಲೆ ದಾರ ಕರುಳನ್ನ ಕುಯ್ಯತ್ತೆ.

ನಮ್ಮ ಬಿಲ್ಡಿಂಗಿನ ಒಬ್ರು ಆಂಟಿ ಮನೇಲಿ ಹೀಗೇ ಆಗಿತ್ತು. ಶುಕ್ರವಾರ ದೇವರಿಗೆ ಹಾಕಿದ್ದ ಅಬ್ಬಲಿಗೆ ಮಾಲೆ, ಶನಿವಾರ ತೆಗೆದು ತುಳಸಿ ಕುಂಡಕ್ಕೆ ಹಾಕಿದ್ರು, ಹೂವೆಲ್ಲ ಅಲ್ಲೇ ಇತ್ತು, ದಾರ ಮಾತ್ರ ಇರ್ಲಿಲ್ಲ. ಬೆಕ್ಕು ಭಾನುವಾರ ತಿಂದಿದ್ದೆಲ್ಲ ಕಕ್ತು, ಸೋಮವಾರ ನೀರೂ ನಿಲ್ಲಲಿಲ್ಲ. ನಾನೂ ಅವ್ರೂ ಸೇರಿ ಬಾಯಿ ತೆಗೆದು ಗದ್ದದ ಕೆಳಗಿಂದ ಹೆಬ್ಬೆರಳಲ್ಲಿ ಮೇಲಕ್ಕೆ ಒತ್ತಿದಾಗ ನಾಲಿಗೆ ಎದ್ತು, ಅಡಿಲಿ ಕೂದಲೆಳೆಯಷ್ಟು ಒಂದು ಗೆರೆ, ಮಾಂಸದೊಳಗೆ ಹೂತ್ಕೊಂಡು ಸುತ್ತ ಕೆಂಪಗಾಗಿತ್ತು. ಟಾರ್ಚ್ ಓರೆ ಮಾಡಿ ಹಿಡಿದಿದ್ದಕ್ಕೆ ಕಂಡಿದ್ದು. ಆಪರೇಷನ್ ಆಯ್ತು, ಬದುಕ್ತು, ಈಗ ಆಂಟಿ ಮಾಲೆ ತೆಗೆದ ಕೂಡ್ಲೆ ದಾರನ ಕತ್ರೀಲಿ ತುಂಡು ಮಾಡಿ ಮುಚ್ಚಳ ಇರೋ ಕಸದ ಬುಟ್ಟಿಗೆ ಹಾಕ್ತಾರೆ.

ಬಾಯಿಂದ ಆಗ್ಲಿ ಹಿಂದಿಂದ ಆಗ್ಲಿ ದಾರ ನೇತಾಡ್ತಿದ್ರೆ ಎಳೀಬೇಡಿ. ಇದೊಂದು ನೆನಪಿಡಿ. ಎಳೆದ್ರೆ ಒಳಗೆ ಕರುಳು ಹರಿಯತ್ತೆ. ನೇರ ಆಸ್ಪತ್ರೆ. ಎಕ್ಸ್‌ರೇಲಿ ದಾರ ಕಾಣಲ್ಲ, ಕರುಳು ಗುಂಪು ಕಟ್ಟಿರೋ ರೀತಿ ನೋಡಿ, ಸೋನೋಗ್ರಫಿ ಮಾಡಿ ಕಂಡುಹಿಡೀತಾರೆ, ಹಾಗಾಗಿ "ಎಕ್ಸ್‌ರೇಲಿ ಏನೂ ಇಲ್ವಂತೆ" ಅಂತ ಸಮಾಧಾನ ಮಾಡ್ಕೊಂಡು ವಾಪಸ್ ಬರ್ಬೇಡಿ, ಮನೇಲಿ ದಾರ ಕಾಣೆ ಆಗಿದೆ ಅನ್ನೋದನ್ನ ಬಾಯಿಬಿಟ್ಟು ಹೇಳಿ. ಕೂದಲಿಗೆ ಹಾಕೋ ರಬ್ಬರ್ ಬ್ಯಾಂಡ್, ಹಾಲಿನ ಪ್ಯಾಕೆಟ್ ಮೂಲೆ, ಮೀನಿನ ಮುಳ್ಳು ಇವೂ ಇದೇ ಲಿಸ್ಟಿಗೆ ಸೇರ್ತವೆ. ಮೀನು ಹಾಕೋದಾದ್ರೆ ಬೇಯಿಸಿ ಮುಳ್ಳು ಬಿಡಿಸಿ ಹಾಕಿ, ಬಂಗುಡೆ ತಲೆ ಎಸೆಯೋದು ಊರಿನ ಅಭ್ಯಾಸ, ಫ್ಲ್ಯಾಟಿನ ಬೆಕ್ಕಿಗೆ ಬೇಡ.

ವಿಷ

ಬೊಕೆಲಿ ಬರೋ ದೊಡ್ಡ ಲಿಲಿ ಹೂವು ಬೆಕ್ಕಿರೋ ಮನೆಗೆ ತರ್ಲೇಬೇಡಿ. ಎಲೆ, ದಳ, ಪರಾಗ, ಹೂದಾನಿ ನೀರು, ಎಲ್ಲ ವಿಷ, ಮೈಮೇಲೆ ಬಿದ್ದ ಪರಾಗನ ನೆಕ್ಕೊಂಡ್ರೂ ಸಾಕು. ಮೊದ್ಲು ವಾಂತಿ, ಆಮೇಲೆ ಸ್ವಲ್ಪ ಸರಿ ಆದ ಹಾಗೆ ಕಾಣತ್ತೆ, ಒಂದರಿಂದ ಮೂರು ದಿನದೊಳಗೆ ಕಿಡ್ನಿ ಕೈ ಕೊಡತ್ತೆ. ಕೆಲವೇ ಗಂಟೆ ಒಳಗೆ ಡ್ರಿಪ್ ಶುರು ಆದ್ರೆ ಉಳಿಸ್ಕೋಬೋದು, ಮಾರನೇ ದಿನಕ್ಕೆ ಹೋದ್ರೆ ಬಹಳ ಕಷ್ಟ. ಗೌರಿ ಹಬ್ಬದ ಹೊತ್ತಿಗೆ ಬರೋ ಅಗ್ನಿಶಿಖೆ, ಅದೇ ಗೌರಿ ಹೂವು, ಅದೂ ವಿಷ, ಅದರಲ್ಲಿ ಕೋಲ್ಚಿಸಿನ್ ಇದೆ. ಎಲ್ಲರ ಮನೇಲೂ ಇರೋ ಮನಿ ಪ್ಲಾಂಟು ಅಷ್ಟು ಭಯಂಕರ ಅಲ್ಲ, ಜಗಿದ್ರೆ ಬಾಯಿ ಉರಿ ಬಂದು ಜೊಲ್ಲು ಸುರಿಸಿ ಕಕ್ಕತ್ತೆ, ಎತ್ತರಕ್ಕೆ ನೇತು ಹಾಕಿ ಸಾಕು.

ಪ್ಯಾರಾಸಿಟಮಾಲ್, ಅಂದ್ರೆ ಡೋಲೋ, ಕ್ರೋಸಿನ್. ಬೆಕ್ಕಿಗೆ ಜ್ವರ ಅಂತ ಕಾಲು ಮಾತ್ರೆ ಕೊಟ್ಟವ್ರನ್ನ ನೋಡಿದೀನಿ. ಬೆಕ್ಕಿನ ಲಿವರಿಗೆ ಅದನ್ನ ಕಳೆಯೋ ಶಕ್ತಿ ಇಲ್ಲ, ರಕ್ತಕ್ಕೆ ಆಮ್ಲಜನಕ ಹೊರೋಕಾಗದೆ ಒಸಡು ಕಂದು ಬಣ್ಣಕ್ಕೆ ತಿರುಗತ್ತೆ, ಮುಖ ಊದತ್ತೆ, ಒಂದು ಮಾತ್ರೆ ಸಾಯಿಸೋಕೆ ಸಾಕು. ನಾಯಿಗೆ ಹಾಕೋ ಚಿಗಟ ಉಣ್ಣೆ ಔಷಧಿಲಿ ಪರ್ಮೆತ್ರಿನ್ ಇದ್ರೆ ಅದೂ ಬೆಕ್ಕಿಗೆ ಆಗಲ್ಲ, ನಡುಕ, ಫಿಟ್ಸ್ ಬರತ್ತೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಗ್ರೇವಿ ಬೇಡ, ರಕ್ತಕಣ ಒಡೆಯತ್ತೆ.

ಸೊಸೈಟಿಲಿ ಪೆಸ್ಟ್ ಕಂಟ್ರೋಲ್ ಇದೆ, ಇಲಿ ಪಾಷಾಣ ಇಟ್ಟಿದ್ದಾರೆ ಅಂದ್ರೆ ವಾಚ್‌ಮನ್ ಹತ್ರ ಯಾವುದು ಅಂತ ಕೇಳಿ ಪ್ಯಾಕೆಟಿನ ಫೋಟೋ ತೆಗ್ದಿಟ್ಕೊಳ್ಳಿ. ಕೆಲವು ಪಾಷಾಣಕ್ಕೆ ವಿಟಮಿನ್ ಕೆ ಒನ್ ಅಂತ ಮದ್ದಿದೆ, ಕೆಲವಕ್ಕೆ ಇಲ್ಲ, ಹೆಸರು ಗೊತ್ತಿದ್ರೆ ಡಾಕ್ಟ್ರಿಗೆ ಟೈಮ್ ಉಳಿಯತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪಾಷಾಣ ತಿಂದ ಬೆಕ್ಕು ಮೂರ್ನಾಲ್ಕು ದಿನ ಚೆನ್ನಾಗೇ ಇರತ್ತೆ ಅನ್ನೋದೂ ಗೊತ್ತಿರ್ಲಿ. ವಿಷ ತಿಂದಿದೆ ಅಂತ ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋದು, ಹೈಡ್ರೋಜನ್ ಪೆರಾಕ್ಸೈಡ್ ಹಾಕೋದು, ಇದ್ಯಾವ್ದೂ ಮಾಡ್ಬೇಡಿ, ಎರಡೂ ಬೆಕ್ಕಿಗೆ ಇನ್ನೊಂದು ಅಪಾಯ ತರತ್ತೆ.

ಮರಿ, ಮುದಿ

ನಾಲ್ಕು ತಿಂಗಳೊಳಗಿನ ಮರಿಗೆ "ಕಾದು ನೋಡೋಣ" ಅನ್ನೋ ರೂಲ್ ಇಲ್ಲ. ಎರಡನೇ ವಾಂತಿಗೇ ಹೊರಡಿ. ಲಸಿಕೆ ಆಗದ ಮರಿ ಕಕ್ತಿದೆ, ಜ್ವರ ಇದೆ, ನೀರಿನ ಬಟ್ಟಲ ಮುಂದೆ ತಲೆ ಜೋತು ಹಾಕ್ಕೊಂಡು ಕೂತಿದೆ ಆದ್ರೆ ಕುಡೀತಿಲ್ಲ, ಇಷ್ಟಿದ್ರೆ ಪ್ಯಾನ್‌ಲ್ಯುಕೋಪೀನಿಯಾ ಅನ್ನೋ ವೈರಸ್ ಕಾಯಿಲೆ ಅಂತ ಅನುಮಾನ ಪಡ್ಲೇಬೇಕು. ಬೆಕ್ಕಿನ ಪಾರ್ವೋ ಅಂತಾರೆ. ಬಿಳಿ ರಕ್ತಕಣ ನೆಲಕಚ್ಚತ್ತೆ, ಮರಿಗಳು ಒಂದೇ ದಿನದಲ್ಲಿ ಹೋಗ್ತವೆ. ಪಾರ್ಕಿಂಗಿಂದ ಪಾಪ ಅಂತ ಎತ್ಕೊಂಡು ಬಂದ ಮರಿನ ಮನೆ ಬೆಕ್ಕಿನ ಜೊತೆ ಸೇರಿಸೋ ಮೊದ್ಲು ಬಾತ್ರೂಮಲ್ಲೋ ಬೇರೆ ರೂಮಲ್ಲೋ ಎರಡು ವಾರ ಇಟ್ಕೊಳ್ಳಿ. ಈ ವೈರಸ್ ನೆಲದಲ್ಲಿ, ಬಟ್ಟೇಲಿ ತಿಂಗಳುಗಟ್ಲೆ, ಒಂದು ವರ್ಷದ ತನಕವೂ ಉಳಿಯತ್ತೆ, ಫಿನಾಯಿಲಿಗೆಲ್ಲ ಸಾಯಲ್ಲ, ಬ್ಲೀಚ್ 1 ಭಾಗಕ್ಕೆ ನೀರು 32 ಭಾಗ ಬೆರೆಸಿ ಹತ್ತು ನಿಮಿಷ ಬಿಡ್ಬೇಕು. ಇದನ್ನೂ ತಡೆಯೋ ತ್ರೀ ಇನ್ ಒನ್ ಲಸಿಕೆ 6ರಿಂದ 8 ವಾರಕ್ಕೆ ಶುರು, ಮೂರ್ನಾಲ್ಕು ವಾರಕ್ಕೊಮ್ಮೆ, 16 ವಾರ ದಾಟೋ ತನಕ. ಒಂದು ಡೋಸ್ ಹಾಕ್ಸಿ ಆಯ್ತು ಅಂದ್ಕೋಬೇಡಿ.

ವಯಸ್ಸಾದ ಬೆಕ್ಕಿನ ವಿಷಯ ಉಲ್ಟಾ. ಅಲ್ಲಿ ಓಡೋ ಅವಸರ ಇರಲ್ಲ, ಅದಕ್ಕೇ ಎಲ್ಲರೂ ಮುಂದೂಡ್ತಾರೆ. ಏಳೆಂಟು ವರ್ಷ ದಾಟಿದ ಬೆಕ್ಕು ವಾರಕ್ಕೊಮ್ಮೆ ಕಕ್ಕತ್ತೆ, ತಿನ್ನತ್ತೆ, ಮಲಗತ್ತೆ, "ಅದರ ಸ್ವಭಾವವೇ ಹಾಗೆ" ಅಂತಾರೆ. ನನ್ನ ಪ್ರಕಾರ ಈ ವಾಕ್ಯ ಎಷ್ಟೋ ಬೆಕ್ಕುಗಳನ್ನ ಕಾಯಿಲೆಲಿ ಕೊಳೆಸಿದೆ. ವಾರಕ್ಕೊಮ್ಮೆ ಕಕ್ಕೋದು ಸ್ವಭಾವ ಅಲ್ಲ. ನೀರು ಜಾಸ್ತಿ ಕುಡಿದು ಉಚ್ಚೆ ಜಾಸ್ತಿ ಹೊಯ್ದು ಸೊರಗ್ತಿದ್ರೆ ಕಿಡ್ನಿ ಅಥವಾ ಶುಗರ್, ಯಾವಾಗ್ಲೂ ಹಸಿವು ಹಸಿವು ಅಂತ ತಿಂದೂ ಸೊರಗ್ತಿದ್ರೆ ಥೈರಾಯ್ಡ್ ಇರ್ಬೋದು, ಕರುಳಿನ ಉರಿಯೂತ, ಪ್ಯಾಂಕ್ರಿಯಾಸ್ ತೊಂದ್ರೆ, ಲಿಂಫೋಮಾ ಅನ್ನೋ ಕ್ಯಾನ್ಸರ್ ಇವೂ ಹೀಗೇ ಸದ್ದಿಲ್ಲದೆ ಶುರುವಾಗೋದು. ತಿಂಗಳಿಗೊಮ್ಮೆ ಬೆಕ್ಕನ್ನ ಎತ್ಕೊಂಡು ತೂಕದ ಮಷಿನ್ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೀರಿ. 4 ಕೇಜಿ ಬೆಕ್ಕು 400 ಗ್ರಾಂ ಇಳಿದ್ರೆ ಹತ್ತು ಪರ್ಸೆಂಟ್ ಹೋಯ್ತು, ಎತ್ಕೊಂಡ್ರೆ ಗೊತ್ತೇ ಆಗಲ್ಲ, ಬರೆದಿಟ್ರೆ ಗೊತ್ತಾಗತ್ತೆ. ಕ್ಯಾಲೆಂಡರ್ ಮೇಲೆ ಕಕ್ಕಿದ ದಿನಕ್ಕೊಂದು ಗುರುತು ಹಾಕಿ, ನಮ್ಮನೇಲಿ ಕಾಲನಿರ್ಣಯದ ಮೇಲೆ ಹಾಲಿನ ಲೆಕ್ಕದ ಪಕ್ಕದಲ್ಲೇ ಅದೂ ಇರತ್ತೆ.

ಹಾಗಾದ್ರೆ ಯಾವಾಗ

ಇವತ್ತೇ, ರಾತ್ರಿ ಆದ್ರೂ ಸರಿ: ಕೆಲವೇ ಗಂಟೇಲಿ ಮೂರು ನಾಲ್ಕು ಸಲ ಆಯ್ತು, ಕುಡಿದ ನೀರೂ ನಿಲ್ತಿಲ್ಲ, ರಕ್ತ, ದಾರ, ವಿಷದ ಅನುಮಾನ, ಉಚ್ಚೆ ಬರ್ತಿಲ್ಲ, ಒಸಡಿನ ಬಣ್ಣ ಬದ್ಲಾಗಿದೆ, ಹೊಟ್ಟೆ ಮುಟ್ಟಿದ್ರೆ ಕಿರುಚತ್ತೆ ಅಥವಾ ಉಬ್ಬಿದೆ, ನಿಲ್ಲೋಕೆ ಆಗ್ತಿಲ್ಲ, ಹೊಟ್ಟೆ ಕುಣಿಸ್ತಿದೆ ಆದ್ರೆ ಏನೂ ಬರ್ತಿಲ್ಲ, ಮರಿ, ಗಬ್ಬದ ಬೆಕ್ಕು, ಶುಗರ್ ಇರೋ ಬೆಕ್ಕು.

24 ಗಂಟೆ ಒಳಗೆ: ಒಂದೆರಡೇ ಸಲ ಕಕ್ಕಿದೆ, ಆದ್ರೆ ಊಟ ಮುಟ್ತಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಮನುಷ್ಯರ ಥರ "ಒಂದು ದಿನ ಲಂಘನ ಮಾಡಿದ್ರೆ ಹೊಟ್ಟೆ ಸರಿ ಹೋಗತ್ತೆ" ಅನ್ನೋದು ಬೆಕ್ಕಿಗೆ ನಡೆಯಲ್ಲ, ದಪ್ಪಗಿರೋ ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ರೆ ಮೈಯ ಕೊಬ್ಬೆಲ್ಲ ಲಿವರಿಗೆ ಹೋಗಿ ತುಂಬ್ಕೊಂಡು ಕಾಮಾಲೆ ಬರತ್ತೆ, ಮೊದಲಿದ್ದ ಕಾಯಿಲೆಗಿಂತ ಅದೇ ದೊಡ್ಡದಾಗತ್ತೆ. ಭೇದಿನೂ ಸೇರಿದ್ರೂ ಇದೇ ಲೆಕ್ಕ.

ಈ ವಾರ ಅಪಾಯಿಂಟ್‌ಮೆಂಟ್ ತಗೊಳ್ಳಿ: ತಿಂಗಳಲ್ಲಿ ಒಂದೆರಡು ಸಲಕ್ಕಿಂತ ಜಾಸ್ತಿ ಆಗ್ತಿದೆ, ತೂಕ ಇಳೀತಿದೆ, ಕೂದಲು ಹೊಳಪು ಹೋಗಿದೆ.

ಒಂದೇ ಸಲ ಆಯ್ತು, ಬೆಕ್ಕು ಚುರುಕಾಗಿದೆ, ಹಸಿವಿದೆ ಅಂದ್ರೆ ಮನೇಲೇ ನೋಡ್ಕೋಬೋದು. ಒಂದೆರಡು ಗಂಟೆ ಹೊಟ್ಟೆಗೆ ರೆಸ್ಟ್ ಕೊಟ್ಟು ಉಪ್ಪು, ಅರಿಶಿನ, ಎಣ್ಣೆ ಏನೂ ಹಾಕದೆ ಬೇಯಿಸಿದ ಚಿಕನ್ ಎದೆಭಾಗ ಬಿಡಿಸಿ ಒಂದೊಂದು ಚಮಚ, ಎರಡು ಮೂರು ಗಂಟೆಗೊಮ್ಮೆ. ನಿಂತ್ರೆ ಮಾರನೇ ದಿನ ಮಾಮೂಲಿ ಊಟ ಬೆರೆಸ್ತಾ ಬನ್ನಿ. ನೀರು ಬಟ್ಟಲಲ್ಲಿ ಇಟ್ಟಿರಿ, ಸಿರಿಂಜಲ್ಲಿ ಬಲವಂತವಾಗಿ ಬಾಯಿಗೆ ಬಿಡೋಕೆ ಹೋಗ್ಬೇಡಿ, ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ. ಜೀರಿಗೆ ಕಷಾಯ, ಓಂಕಾಳು ನೀರು, ಇನೋ, ಜೆಲುಸಿಲ್, ನಿಮ್ಮ ಮನೆ ವಾಂತಿ ಮಾತ್ರೆ ಎಲ್ಲ ನಿಮಗೇ ಇಟ್ಕೊಳ್ಳಿ. ಕಕ್ಕಿದ ಜಾಗಕ್ಕೆ ಫಿನಾಯಿಲ್ ಹಾಕೋದೂ ಬೇಡ, ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕೊಳ್ಳತ್ತೆ, ಪಾತ್ರೆ ತೊಳೆಯೋ ಸೋಪು ನೀರು ಸಾಕು.

ಹೊರಡೋದು

ಮುಂಬೈಲಿ ಕಷ್ಟ ಇರೋದು ರಾತ್ರಿ ಹನ್ನೊಂದರ ಮೇಲೆ, ಅದೂ ಜುಲೈ ಮಳೇಲಿ. ಹಾಗಾಗಿ ಬೆಕ್ಕು ಚೆನ್ನಾಗಿರೋವಾಗ್ಲೇ ಹತ್ರದಲ್ಲಿ ರಾತ್ರಿ ನೋಡೋರು ಯಾರು ಅಂತ ಫೋನ್ ಮಾಡಿ ಕೇಳಿ ನಂಬರ್ ಸೇವ್ ಮಾಡಿಟ್ಕೊಳ್ಳಿ, ಬೋರ್ಡಲ್ಲಿ 24 ಗಂಟೆ ಅಂತ ಬರೆದಿದ್ರೂ ರಾತ್ರಿ ಡಾಕ್ಟ್ರು ಇರ್ತಾರಾ ಬರೀ ಕಾಂಪೌಂಡರ್ ಇರ್ತಾರಾ ಅಂತ ಕೇಳಿ. ಪರೇಲಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಇದೆ, ಹಳಬರು ಬೈಲ್‌ಘೋಡಾ ಹಾಸ್ಪಿಟಲ್ ಅಂತಾನೇ ಹೇಳೋದು, 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜೂ ಅಲ್ಲೇ. ಮಹಾಲಕ್ಷ್ಮೀಲಿ ಟಾಟಾ ಟ್ರಸ್ಟಿನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಓಪನ್ ಆಗಿದೆ. ಆದ್ರೆ ಡೊಂಬಿವಲಿ ಕಲ್ಯಾಣ್ ಕಡೆಯಿಂದ ಅಲ್ಲಿ ತನಕ ಹೋಗೋ ಹೊತ್ತಿಗೆ ಅರ್ಧ ರಾತ್ರಿ ಕಳೆಯತ್ತೆ, ಕ್ರಿಟಿಕಲ್ ಇದ್ರೆ ಮೊದ್ಲು ಹತ್ರದ ಡಾಕ್ಟ್ರ ಹತ್ರ ಡ್ರಿಪ್, ಇಂಜೆಕ್ಷನ್ ಮಾಡ್ಸಿ ಸ್ಟೆಡಿ ಆದ್ಮೇಲೆ ದೊಡ್ಡ ಆಸ್ಪತ್ರೆಗೆ ಹೋಗೋದು ವಾಸಿ.

ಕ್ಯಾರಿಯರ್ ಒಳಗೆ ಹಳೇ ಟವೆಲ್ ಹಾಸಿ, ಇನ್ನೊಂದು ಸ್ಪೇರ್ ಇಟ್ಕೊಳ್ಳಿ. ಮಳೆಗೆ ಪ್ಲಾಸ್ಟಿಕ್ ಹೊದಿಸಿದ್ರೆ ಒಂದು ಬದಿ ಗಾಳಿಗೆ ತೆರೆದಿರ್ಲಿ. ಚೀಲದಲ್ಲಿ ಹಾಕ್ಕೊಂಡು ಹೋಗ್ಬೇಡಿ, ಆಟೋ ಹಾರ್ನ್ ಹೊಡೆದ್ರೆ ಬೆಕ್ಕು ಹಾರಿ ಹೋಗತ್ತೆ, ಆಮೇಲೆ ಕಾಯಿಲೆ ಬೆಕ್ಕನ್ನ ರೋಡಲ್ಲಿ ಹುಡುಕೋ ಪಾಡು. ವಿಡಿಯೋ, ಬಿದ್ದಿದ್ದರ ಫೋಟೋ, ಆಗೋದಾದ್ರೆ ಒಂದು ಡಬ್ಬೀಲಿ ಸ್ಯಾಂಪಲ್ಲು, ಲಸಿಕೆ ಕಾರ್ಡು, ವಿಷದ ಅನುಮಾನ ಇದ್ರೆ ಪ್ಯಾಕೆಟ್ಟು ಅಥವಾ ಗಿಡದ ಎಲೆ, ಇಷ್ಟು ಜೊತೆಗಿರ್ಲಿ. ಕೊನೇ ಸಲ ತಿಂದಿದ್ದು, ಕಕ್ಕಿದ್ದು, ಉಚ್ಚೆ ಕಕ್ಕ ಮಾಡಿದ್ದು ಎಷ್ಟೊತ್ತಿಗೆ ಅಂತ ಮೊಬೈಲಲ್ಲಿ ಟೈಪ್ ಮಾಡ್ಕೊಂಡು ಹೋಗಿ, ಅಲ್ಲಿ ಹೋದ್ಮೇಲೆ ಗಾಬರಿಲಿ ನೆನಪಾಗಲ್ಲ. ಮನೇಲಿ ಏನಾದ್ರೂ ಮಾತ್ರೆ ಕೊಟ್ಟಿದ್ರೆ ಮುಚ್ಚಿಡ್ಬೇಡಿ, ಡೋಲೋ ಕೊಟ್ಟಿದ್ದನ್ನ ಹೇಳಿದ್ರೆ ಅದಕ್ಕೆ ಮದ್ದು ಕೊಡ್ಬೋದು, ಹೇಳದೆ ಇದ್ರೆ ಅವ್ರು ಬೇರೆಲ್ಲ ಹುಡುಕ್ತಾ ಕೂರ್ತಾರೆ.

ಸಾಮಾನ್ಯವಾಗಿ ಹೊಟ್ಟೆ ಒತ್ತಿ ನೋಡ್ತಾರೆ, ಬಾಯಿ ನೋಡ್ತಾರೆ, ವಾಂತಿ ನಿಲ್ಲೋ ಇಂಜೆಕ್ಷನ್, ಚರ್ಮದ ಕೆಳಗೆ ಅಥವಾ ನಾಳಕ್ಕೆ ಸಲೈನ್, ಬೇಕಾದ್ರೆ ರಕ್ತ ಪರೀಕ್ಷೆ, ಎಕ್ಸ್‌ರೇ, ಸೋನೋಗ್ರಫಿ. ಯಾವ ಟೆಸ್ಟಿಂದ ಏನು ಗೊತ್ತಾಗತ್ತೆ, ಎಷ್ಟಾಗತ್ತೆ, ಯಾವುದು ಇವತ್ತೇ ಬೇಕು ಯಾವುದು ನಾಳೆಗಾದ್ರೂ ನಡೆಯತ್ತೆ ಅಂತ ಕೇಳೋಕೆ ಸಂಕೋಚ ಬೇಡ, ಒಳ್ಳೆ ಡಾಕ್ಟ್ರು ಹೇಳ್ತಾರೆ. ಇಂಜೆಕ್ಷನ್ನಿಂದ ವಾಂತಿ ನಿಂತ ಮಾತ್ರಕ್ಕೆ ಕಾರಣ ಹೋಯ್ತು ಅಂತಲ್ಲ, ಮಾರನೇ ದಿನ ತಿಂತಾ ಇಲ್ವಾ ನೋಡಿ, ತಿನ್ನದೆ ಇದ್ರೆ ವಾಪಸ್ ಹೋಗಿ. ಮನೆಗೆ ಮಾತ್ರೆ ಕೊಟ್ಟಿದ್ರೆ ಹೇಳಿದಷ್ಟು ದಿನ ಪೂರ್ತಿ ಕೊಡಿ, ನುಂಗಿಸಿದ್ಮೇಲೆ ಮಾತ್ರೆ ಗಂಟಲಲ್ಲಿ ಸಿಕ್ಕದ ಹಾಗೆ ಒಂದು ಚಮಚ ಚಿಕನ್ ಬೇಯಿಸಿದ ನೀರು ಬಟ್ಟಲಲ್ಲಿ ಇಟ್ರೆ ತಾನಾಗೇ ನೆಕ್ಕತ್ತೆ, ಮಾತ್ರೆನೇ ಕಕ್ಕಿಬಿಟ್ರೆ ಇನ್ನೊಂದು ಕೊಡೋ ಮೊದ್ಲು ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ.